ಎರಡನೆಯ ಬಟ್ಟಲು

ಮೂರನೆಯ ದಿನದ ಇರುವೆಯೂ ಸೊಸೆಯ ಎದೆಹಾಲಿನ ಬಟ್ಟಲಲ್ಲಿ ಸತ್ತಿತು. ಮರಿಲಿಂಗಮ್ಮ ಅದನ್ನು ಬೆರಳ ತುದಿಯಿಂದ ಎತ್ತಿ ಹೊಸ್ತಿಲಾಚೆಯ ಹಾಸುಗಲ್ಲಿನ ಮೇಲಿಟ್ಟಳು. ಹಾಲಿಗೆ ಬಿಟ್ಟ ಇರುವೆ ಈಜಿ ಅಂಚು ಸೇರಿದರೆ ಆ ಹಾಲು ಕೂಸಿಗೆ ಸಲ್ಲುತ್ತದೆ, ಸತ್ತರೆ ಸಲ್ಲದು. ಅವಳ ತವರಿನಲ್ಲಿ ಬಾಣಂತಿಯರ ಹಾಲನ್ನು ಪರೀಕ್ಷಿಸುತ್ತಿದ್ದ ಬಗೆ ಇದು.

"ಇವತ್ತೂ ಬ್ಯಾಡ. ನಿನ್ನ ಫಿಟ್ಸಿನ ಗುಳಿಗಿ ಹಾಲಿಗಿ ಇಳದೈತಿ."

"ಹಂಗಾರ ಗುಳಿಗಿ ಬಿಡತೀನ್ರಿ ಅತ್ತಿ. ಕೂಸಿನ್ನ ಕೊಡ್ರಿ." ಶಿವಾನಿ ಕೈಚಾಚಿದಳು. ಕೂಸು ಅತ್ತಾಗಲೆಲ್ಲ ಅವಳ ಕುಪ್ಪಸ ತೊಯ್ಯುತ್ತಿತ್ತು.

"ಬಿಟ್ಟು ಮತ್ತ ಒಲಿ ಮ್ಯಾಲ ಬೀಳತೀಯೇನ?" ಸೊಸೆಯ ಮೊಣಕೈಯ ಸುಟ್ಟ ಕಲೆ ಕಣ್ಣಿಗೆ ಬಿದ್ದು ಮರಿಲಿಂಗಮ್ಮನ ದನಿ ಇಳಿಯಿತು. "ನನಗ ನೀನೂ ಬೇಕು, ಇದೂ ಬೇಕು." ಆಡಿನ ಹಾಲಿನ ಚಮಚವನ್ನು ಕೂಸಿನ ತುಟಿಗೆ ಹಿಡಿದಳು. ಕೂಸು ಉಗುಳಿತು. ಹಿತ್ತಲಲ್ಲಿ ಕಟ್ಟಿಹಾಕಿದ್ದ ಆಡಿನ ಮರಿ ಅರಚುತ್ತಿತ್ತು.

ಅಷ್ಟರಲ್ಲಿ ಪಂಚಶೀಲಾ ಐಸಿನ ಡಬ್ಬಿ ಹಿಡಿದು ಬಂದಳು. ತಾಯಿ ನುಂಗಿದ ಔಷಧ ಎದೆಹಾಲಿಗೆ ಎಷ್ಟು ಇಳಿಯುತ್ತದೆಂದು ಅಳೆಯುವ ಸಂಶೋಧನೆಯಲ್ಲಿ ಅವಳ ಕೆಲಸ. ಯಾದಗಿರಿಯಿಂದ ಶಿರವಾಳದ ಈ ಮನೆಗೆ ಇದು ಅವಳ ಎರಡನೆಯ ಭೇಟಿ.

"ಬಂದ್ರೇನ್ರಿ, ಹಾಲು ಅಳೆಯೋ ಮೇಡಂ!" ಮರಿಲಿಂಗಮ್ಮ ಬಟ್ಟಲನ್ನು ಮುಂದೆ ತಳ್ಳಿ, ನಡೆದುದನ್ನೆಲ್ಲ ಹೇಳಿದಳು.

"ಹೋದ ತಿಂಗಳ ಒಯ್ದ ಹಾಲಿಂದು ರಿಪೋರ್ಟ್ ಬಂದೈತ್ರಿ ಆಯಿ. ಗುಳಿಗಿ ಇಳದದ್ದು ಭಾಳ ಕಮ್ಮಿ. ಗುಳಿಗೀನೂ ನಡೀಲಿ, ಮೊಲಿನೂ ಕುಡೀಲಿ, ಕೂಸಿಗಿ ಧೋಕಾ ಇಲ್ಲ ಅಂದಾರ ಡಾಕ್ಟರ್."

"ನಿಮ್ಮ ಮಷೀನು ಕಾಗದದಾಗ ಹೇಳತೈತಿ. ನನ್ನ ಇರವಿ ಕಣ್ಣಮುಂದ ಸತ್ತೈತಿ. ಯಾವುದು ನಂಬಲಿ?"

ಪಂಚಶೀಲಾ ನಗಲಿಲ್ಲ. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. "ನೀವು ನೋಡಿದ್ದು ಖರೇನ. ಆದರ ನಾವು ಗುಳಿಗಿ ನುಂಗಿದವರ ಹಾಲಷ್ಟ ನೋಡಂಗಿಲ್ರಿ. ನುಂಗದವರ ಹಾಲೂ ಬಾಜೂಕ ಇಟ್ಟು ನೋಡತೀವಿ. ಇನ್ನೊಂದು ಬಟ್ಟಲ ತರ್ರಿ. ಆಡಿನ ಹಾಲು ಹಾಕ್ರಿ, ಇಷ್ಟ."

ಅದೇ ಅಳತೆಯ ಬಟ್ಟಲು, ಅಷ್ಟೇ ಹಾಲು. ಮರಿಲಿಂಗಮ್ಮ ಗೋಡೆಯ ಸಾಲಿನಿಂದ ಒಂದು ಇರುವೆಯನ್ನು ಹಿಡಿದು ಬಿಟ್ಟಳು. ಮೂವರೂ ಬಾಗಿದರು. ಇರುವೆ ಎರಡು ಸುತ್ತು ಹಾಕಿತು, ಕಾಲು ಬಡಿಯಿತು, ಬಡಿಯುವುದನ್ನು ನಿಲ್ಲಿಸಿತು.

"ನಿಮ್ಮ ಆಡು ಯಾವ ಗುಳಿಗಿ ನುಂಗೈತ್ರಿ, ಆಯಿ?"

ಶಿವಾನಿ ಮೂರು ದಿನಗಳಲ್ಲಿ ಮೊದಲ ಸಲ ನಕ್ಕಳು. ಮರಿಲಿಂಗಮ್ಮ ಈ ಇರುವೆಯನ್ನೂ ಎತ್ತಿ ಹಾಸುಗಲ್ಲಿನ ಮೇಲಿಟ್ಟು ಬಂದಳು. "ಹಲ್ಲು ಕಿಸೀಬ್ಯಾಡ. ಇವತ್ತಿನ ಗುಳಿಗಿ ನುಂಗೀಯೇನ?"

"ಇಲ್ರಿ."

"ಮೊದಲ ಅದನ್ನ ನುಂಗು." ತಾನೇ ನೀರು ತಂದು ಕೊಟ್ಟಳು. ಗುಳಿಗೆ ಗಂಟಲಿಳಿಯುವುದನ್ನು ನಿಂತು ನೋಡಿದಳು. ಆಮೇಲೆ ಕೂಸನ್ನು ಸೊಸೆಯ ಮಡಿಲಿಗೆ ಹಾಕಿದಳು. ಅಳು ನಿಂತಿತು.

ಪಂಚಶೀಲಾಳನ್ನು ಬೀಳ್ಕೊಡಲು ಮರಿಲಿಂಗಮ್ಮ ಹೊಸ್ತಿಲು ದಾಟಿದಳು. ಹಾಸುಗಲ್ಲಿನ ಮೇಲೆ ಮೊದಲನೆಯ ಇರುವೆ ಇರಲಿಲ್ಲ. ಎರಡನೆಯದು ಬಿಸಿಲಲ್ಲಿ ಮೀಸೆ ಒರೆಸಿಕೊಂಡು, ಮೆಲ್ಲಗೆ ಎದ್ದು, ಗೋಡೆಯ ಸಾಲಿನತ್ತ ನಡೆಯಿತು.

ಅದು ಸಾಲು ಸೇರುವವರೆಗೂ ಅವಳು ನೋಡುತ್ತ ನಿಂತಳು. ಅನಂತರ ಹಿತ್ತಲಿಗೆ ಹೋಗಿ, ಮೂರು ದಿನದಿಂದ ತಾಯಿಯಿಂದ ದೂರ ಕಟ್ಟಿದ್ದ ಮರಿಯ ಹಗ್ಗ ಬಿಚ್ಚಿದಳು.