ರಾಂಪುರ ದಾಟಿದ ಉತ್ತರ

"ಶಿವನಾಣೆ ಮೇಡಂ, ಒಂದಕ್ಷರನೂ ಸುಳ್ಳಿಲ್ಲ," ಅಂದ್ರು ಚಳ್ಳಕೆರೆ ಕಾಲೇಜೊಂದರ ಗಣಿತದ ಮೇಷ್ಟ್ರು ಶಿವಮೂರ್ತಪ್ಪ, ಸ್ಟಾಫ್ ರೂಮಲ್ಲಿ ಟೀ ಕುಡೀತಾ, ಅವತ್ತೇ ಪಾಠ ಮಾಡೋ ಕೆಲಸಕ್ಕೆ ಸೇರಿದ ದಿವ್ಯಾಗೆ. "ಕೆಲವು ವರ್ಷದ ಹಿಂದೆ, ಇದೇ ಕಾಲೇಜಲ್ಲಿ. ಊಹೆ ಮೇಲೆ ಊಹೆ ಮಾಡ್ತಾ ಉತ್ತರದ ಹತ್ರ ಹೋಗೋ ಪಾಠ. ಬೋರ್ಡಲ್ಲಿ ಎರಡರಿಂದ ಶುರು ಮಾಡ್ದೆ. ಹದಿನಾಲ್ಕು, ಇನ್ನೂರ ಎಂಬತ್ತು ಅಂತ ಬೆಳೀತಾ ಉತ್ತರ ರಾಂಪುರ ದಾಟಿ ಬಳ್ಳಾರಿಗೆ ಓಡ್ತು! ಹಿಂದಿನ ಬೆಂಚಿನ ಹುಡುಗಿ ಕಿಸಕ್ಕಂತ ನಕ್ಕಳು. ಅವಳನ್ನ ಆಚೆ ಕಳಿಸಿ, ನಾನೇ ಒಂದರಿಂದ ಶುರು ಮಾಡ್ದೆ. ಮೂರೇ ಸಾಲಿಗೆ ಬಾಲ ಅಲ್ಲಾಡಿಸ್ಕಂಡು ವಾಪಸ್ ಬಂತು."

ದಿವ್ಯಾ ಸೀಮೆಸುಣ್ಣದ ಡಬ್ಬಿ ತಗಂಡ್ಲು. "ನಾನು ನಕ್ಕಿರ್ಲಿಲ್ಲ ಸಾರ್. ಒಂದರಿಂದ ಶುರು ಮಾಡಿ ಅಂದಿದ್ದೆ."

ಮೇಷ್ಟ್ರ ಕಿವಿ ಕೆಂಪಾದ್ವು. ಟೀ ಲೋಟ ಪಕ್ಕಕ್ಕಿಟ್ರು.

"ನಿಜ ಐತಮ್ಮ," ಅಂದ್ರು. "ಅವತ್ತು ಹುಡುಗ್ರ ಮುಂದೆ ನನಗೆ..."

ದಿವ್ಯಾ ಆಗಲೇ ಬಾಗಿಲು ದಾಟಿ ಕ್ಲಾಸಿಗೆ ಹೊರಟಿದ್ಲು.