ಕೂಸು ಯಾರ ಹಂಗ?

ಮಗ ಸಿದ್ದಿ ಜನಾಂಗದ ರೇಣುಕಾಳನ್ನು ಮದುವೆಯಾಗುತ್ತೇನೆ ಎಂದಾಗ ನೀಲಗಂಗವ್ವ ಊಟ ಬಿಟ್ಟು ಮಲಗಿದ್ದಳು. "ಅವರ ಹಿರ್ಯಾರು ಆಫ್ರಿಕಾದಿಂದ ಬಂದಾವ್ರು. ಅಂಥಾ ಹೆಣ್ಣು ನಮ್ಮ ಮನಿಗೆ ಬ್ಯಾಡ" ಎಂದಿದ್ದಳು. ಮದುವೆಗೂ ಹೋಗಲಿಲ್ಲ, ಸೊಸೆಯನ್ನು ಮಾತಾಡಿಸಲೂ ಇಲ್ಲ.

ಕೂಸು ಹುಟ್ಟಿದಾಗ ಮಾತ್ರ ಮನಸ್ಸು ತಡೆಯಲಿಲ್ಲ. ಒಮ್ಮೆ ನೋಡಿ ಬರುತ್ತೇನೆಂದು ಆಸ್ಪತ್ರೆಗೆ ಬಂದವಳು ಮೊಮ್ಮಗಳನ್ನು ಎತ್ತಿಕೊಂಡಳು. ಮತ್ತೆ ಕೆಳಗಿಳಿಸಲೇ ಇಲ್ಲ.

ಸಂಜೆ ಪಕ್ಕದ ಮನೆಯ ಶಿವಕ್ಕ ಬಂದಳು. ಕೂಸನ್ನು ಬಗ್ಗಿ ನೋಡಿ, ಮಂಚದ ಮೇಲಿದ್ದ ರೇಣುಕಾಳಿಗೆ ಕೇಳಿಸದಂತೆ ಪಿಸುಗುಟ್ಟಿದಳು: "ಕರೀ ಬಣ್ಣಾನೂ ಅವ್ವಂದು, ಗುಂಗುರು ಕೂದಲಾನೂ ಅವ್ವಂದು. ನಿಮ್ಮ ಕಡೀದು ಏನೂ ಬಂದಿಲ್ಲ ನೋಡ್ರಿ. ಭಾಳ ಬ್ಯಾಸರ ಆಗಿರಬೇಕಲ್ಲಾ ಅಕ್ಕಾರ?"

ನೀಲಗಂಗವ್ವನ ಮುಖ ಬಿಗಿಯಿತು.

"ಆಗೂದಿಲ್ಲೇನ ಮತ್ತ? ಮುಂಜಾನಿಂದ ಬಂದಾವ್ರೆಲ್ಲಾ ಅವ್ವನ ಹಂಗ, ಅವ್ವನ ಹಂಗ ಅನ್ನಾಕತ್ತೀರಿ."

"ಖರೇನ ಐತಲ್ಲರೀ?"

ನೀಲಗಂಗವ್ವ ಕೂಸನ್ನು ಎದೆಗೆ ಅವಚಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು:

"ಕಣ್ಣ ತಗದ ಸರಿಯಾಗಿ ನೋಡ! ಈ ಬಣ್ಣ, ಈ ಗುಂಗುರು ಕೂದಲಾ, ಎಲ್ಲಾ ನಮ್ಮಪ್ಪಂದು!"