ಅಕ್ಷರ ತಪ್ಪದಂತೆ

"ಇನ್ನೊಂದು ಸಲ ಓದು."

"ಹದಿನೇಳು ಸಲ ಆತವ್ವಾ. ಗಂಟಲಾ ಒಣಗಿ ಹೋತು," ಎಂದಳು ಪ್ರಮಿತಾ. ಆದರೂ ಓದಿದಳು. ಹತ್ತನೇ ತರಗತಿಯ ಸ್ವಂತ ಪುಸ್ತಕ ಬದಿಗಿಟ್ಟು ಅವಳು ಅವ್ವನ ಪರೀಕ್ಷೆಗೆ ಕೂತಿದ್ದಳು. ಸುಮಿತ್ರಾಬಾಯಿ ಒಲೆಯ ಮುಂದೆ ತುಟಿ ಅಲ್ಲಾಡಿಸುತ್ತ ಒಂದೊಂದೇ ಇಂಗ್ಲಿಷ್ ವಾಕ್ಯವನ್ನು ಬಾಯಿಗೆ ತಂದುಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದವರಿಗೆ ಈ ಗತಿ ಬಂದಿತ್ತು.

"ಎರಡನೇ ಸಾಲಿನಾಗ ಒಂದು ಪದ ನುಂಗಿದಿ. ಸರಿಯಾಗಿ ಓದು."

ವಾಡಿ ಊರಿನಲ್ಲಿ ಅವರು ಕಲಿಸುತ್ತಿದ್ದ ಖಾಸಗಿ ಶಾಲೆಯಲ್ಲಿ ೨೦೦೫ರಲ್ಲಿ ಮೊದಲ ಬಾರಿಗೆ ಮಕ್ಕಳಿಗೆ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ ನಡೆಯುವುದಿತ್ತು. ಅದನ್ನು ಹೇಗೆ ನಡೆಸಬೇಕೆಂದು ಶಿಕ್ಷಕರಿಗೆ ಕಲಿಸಲು ಗುಲಬರ್ಗಾದಿಂದ ಅಬ್ರಾರ ಸರ್ ಬಂದಿದ್ದರು. ಲಕೋಟೆ ಒಡೆಯಬೇಕು, ಒಳಗಿನ ಇಂಗ್ಲಿಷ್ ಸೂಚನೆಗಳನ್ನು ಅಕ್ಷರ ತಪ್ಪದಂತೆ ಓದಬೇಕು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ಅಭ್ಯಾಸಕ್ಕೆಂದು ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದರು. ಶನಿವಾರ ಪ್ರತಿಯೊಬ್ಬರೂ ಓದಿ ತೋರಿಸಬೇಕು.

ಶಾಲೆಯ ಕಾರ್ಯದರ್ಶಿ ಮುಚ್ಚುಮರೆ ಇಲ್ಲದೆ ಹೇಳಿದ್ದರು: "ಶನಿವಾರ ಯಾರು ತಪ್ಪತಾರೋ, ಜೂನ್‌ದಾಗ ಅವರು ಸಾಲಿಗಿ ಬರೋದು ಬ್ಯಾಡ್ರಿ."

ಸುಮಿತ್ರಾಬಾಯಿಗೆ ಈ ಕೆಲಸ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಇನ್ನೂ ಓದಬೇಕಿತ್ತು.

"ಇದ್ದದ್ದು ಇದ್ದಂಗ ಕಾರ್ಯದರ್ಶಿ ಅವರಿಗೆ ಹೇಳಿಬಿಡವ್ವಾ," ಎಂದಳು ಪ್ರಮಿತಾ.

"ಹೇಳಿದ್ರ ಜೂನ್ ತನಕಾನೂ ಇಟ್ಕೊಳಂಗಿಲ್ಲ. ಓದು."

ಶಾಲೆಯಲ್ಲಿ ಮಾತು ಆಗಲೇ ಹಬ್ಬಿತ್ತು. ಸ್ಟಾಫ್‌ರೂಮಿಗೆ ಒಂದು ಎಳೆ ಸಿಕ್ಕರೆ ಸಾಕು, ಸೀರೆಯನ್ನೇ ನೇಯುತ್ತದೆ. ಎಳೆ ಹಿಡಿದವಳು ಹೊಸದಾಗಿ ಸೇರಿದ ನಾಹಿದ ಟೀಚರ್. ಒಂದು ವರ್ಷದಿಂದ ಸುಮಿತ್ರಾಬಾಯಿ ಪಾಠವನ್ನು ತಾವು ಓದುವುದಿಲ್ಲ, ಮಕ್ಕಳಿಂದ ಓದಿಸುತ್ತಾರೆ. ಬೋರ್ಡಿನ ಮೇಲೆ ಬರೆಯುವುದೂ ಮಕ್ಕಳೇ. ನೋಟ್‌ಬುಕ್ಕುಗಳನ್ನು ಮನೆಗೆ ಒಯ್ಯುತ್ತಾರೆ, ತಿದ್ದಿ ಬಂದ ಅಕ್ಷರ ಮಗಳದು. ಇಷ್ಟಾಗಿಯೂ ಸೊಕ್ಕು ಕಡಿಮೆ ಇಲ್ಲ: ವರಾಂಡದಲ್ಲಿ ಎದುರಿಗೆ ಬಂದು ನಕ್ಕರೂ ತಿರುಗಿ ನಗುವುದಿಲ್ಲ. ಹತ್ತನೇ ತರಗತಿಯ ಮಗಳನ್ನು ಕೂಸಿನ ಹಾಗೆ ಕೈ ಹಿಡಿದು ಕರೆತರುತ್ತಾರೆ.

"ಆ ಟೀಚರ್‌ಗ ಇಂಗ್ಲಿಷ್ ಬರಂಗಿಲ್ರಿ ಸರ," ಎಂದು ನಾಹಿದ ಅಬ್ರಾರ ಸರ್ ಕಿವಿಗೆ ಹಾಕಿದಳು. "ಎಲ್ಲಾ ಬಾಯಿಪಾಠ. ನೀವೇ ನೋಡ್ರಿ."

ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಖಾಲಿ ಕೋಣೆಯಲ್ಲಿ ಸುಮಿತ್ರಾಬಾಯಿ ಒಬ್ಬರೇ ಬಾಗಿಲಿನಿಂದ ಮೇಜಿನ ತನಕ ನಡೆಯುತ್ತಿದ್ದರು, ತಿರುಗಿ ಬರುತ್ತಿದ್ದರು, ಮತ್ತೆ ನಡೆಯುತ್ತಿದ್ದರು. ಎದೆ ಹೊಡೆದುಕೊಳ್ಳುತ್ತಿರಬೇಕು ಎಂದುಕೊಂಡಳು ನಾಹಿದ. ಅದು ಸುಳ್ಳೂ ಅಲ್ಲ.

ಶನಿವಾರ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಕೋಣೆಗೆ ಬಂದರು. ಶಿಕ್ಷಕರು ಮಕ್ಕಳ ಬೆಂಚಿನಲ್ಲಿ ಕೂತರು. ಅಬ್ರಾರ ಸರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೆಮ್ಮಿದರು.

ಮೊದಲು ಹನುಮಂತ ಮಾಸ್ತರರ ಸರದಿ. ಲಕೋಟೆಯೊಳಗೆ ಎರಡು ಹಾಳೆ ಇದ್ದವು: ಒಂದು ಅಚ್ಚಾದ ಸೂಚನೆಗಳದು, ಇನ್ನೊಂದು ಗೈರುಹಾಜರಾದವರ ನಂಬರು ಬರೆಯುವ ಬಿಳಿ ಹಾಳೆ. ಮಾಸ್ತರರು ಚೆನ್ನಾಗಿಯೇ ಓದಿದರು. ಕೊನೆಯಲ್ಲಿ ಮೂವತ್ತು ವರ್ಷದ ರೂಢಿ ಬಿಡದೆ, "ತಿಳೀತಿಲ್ರೋ?" ಎಂದುಬಿಟ್ಟರು.

"ಆ ಮಾತು ಹಾಳ್ಯಾಗ ಎಲ್ಲೈತ್ರಿ?" ಎಂದರು ಅಬ್ರಾರ ಸರ್. ಮಾಸ್ತರರ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು.

"ಸುಮಿತ್ರಾಬಾಯಿ ಮೇಡಂ, ಬರ್ರಿ."

ಬಾಗಿಲ ಬಳಿಯ ಬೆಂಚಿನಿಂದ ಎದ್ದು ಸುಮಿತ್ರಾಬಾಯಿ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಏಳು ಫರಸಿ ದಾಟಿ ಮೇಜಿನ ಮುಂದೆ ನಿಂತರು. ಲಕೋಟೆ ಒಡೆದರು, ಹಾಳೆ ಎಳೆದು ಮುಖದ ಮುಂದೆ ಹಿಡಿದರು, ಓದತೊಡಗಿದರು.

ಎಲ್ಲಿಯೂ ತಡೆ ಇರಲಿಲ್ಲ. ನಡುವೆ ಸಿಮೆಂಟಿನ ಗೂಡ್ಸ್ ಗಾಡಿಯೊಂದು ಶಬ್ದ ಮಾಡುತ್ತ ಹೋಯಿತು. ಸುಮಿತ್ರಾಬಾಯಿ ಅದು ದಾಟುವವರೆಗೆ ನಿಂತು, ಬಿಟ್ಟ ಪದದಿಂದಲೇ ಮುಂದುವರಿಸಿದರು. ಕೊನೆಯ ವಾಕ್ಯ ಮುಗಿಯಿತು. ಒಂದು ಅಕ್ಷರ ತಪ್ಪಿರಲಿಲ್ಲ. ಬದುಕಿದೆ, ನನ್ನ ಮಗಳೂ ಬದುಕಿದಳು ಎಂದುಕೊಂಡರು.

ಮುಂದಿನ ಬೆಂಚಿನಲ್ಲಿದ್ದ ನಾಹಿದ ಅಬ್ರಾರ ಸರ್ ಕಡೆ ತಿರುಗಿ ಆ ಹಾಳೆಯತ್ತ ಬೆರಳು ತೋರಿಸಿದಳು, ಅಷ್ಟೆ.

ಹಾಳೆ ಎರಡೂ ಬದಿ ಬೆಳ್ಳಗಿತ್ತು. ಅಚ್ಚಾದದ್ದು ಇನ್ನೂ ಲಕೋಟೆಯಲ್ಲೇ ಇತ್ತು.

ನಾಹಿದ ಹೇಳಿದ್ದು ನಿಜವಾಯಿತು. ಅಬ್ರಾರ ಸರ್‌ಗೆ ಸಿಟ್ಟು ಬಂತು. ಬರಿಗಾಲಲ್ಲಿ ಸದ್ದಿಲ್ಲದೆ ಎದ್ದು ಮೇಜಿನ ಹತ್ತಿರ ಬಂದರು. ಲಕೋಟೆಯಿಂದ ಅಚ್ಚಾದ ಹಾಳೆ ತೆಗೆದು, ಇದನ್ನು ಓದಿ ನೋಡೋಣ ಎಂಬಂತೆ ಸುಮಿತ್ರಾಬಾಯಿಯ ಮುಖದ ಎದುರಿಗೇ ಹಿಡಿದರು.

ಸುಮಿತ್ರಾಬಾಯಿ ಅದನ್ನು ತೆಗೆದುಕೊಳ್ಳಲಿಲ್ಲ. ಕಿಟಕಿಯ ಕಡೆ ತಿರುಗಿ ಮಾತಾಡಿದರು, ಇಂಗ್ಲಿಷಿನಲ್ಲಿ. ಸೂಚನೆಗಳ ಮೂರನೇ ವಾಕ್ಯ ಹಳ್ಳಿ ಮಕ್ಕಳಿಗೆ ತೊಡಕಾಗುತ್ತದೆ, ಅದನ್ನು ಹೀಗೆ ಒಡೆದು ಬರೆದರೆ ಒಳ್ಳೆಯದು, ಇದನ್ನು ದಯವಿಟ್ಟು ಮೇಲಿನವರಿಗೆ ತಿಳಿಸಬೇಕು ಎಂದರು. ಆ ಕೋಣೆಯಲ್ಲಿ ಅಷ್ಟು ಚೊಕ್ಕ ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ, ಅಬ್ರಾರ ಸರ್‌ಗೂ. ಅದನ್ನೆಲ್ಲ ಸುಮಿತ್ರಾಬಾಯಿ ನಗುನಗುತ್ತ ಖಾಲಿ ಕುರ್ಚಿಗೆ ಹೇಳುತ್ತಿದ್ದರು.

ಅಬ್ರಾರ ಸರ್ ಹಿಡಿದ ಹಾಳೆ ಇಳಿಸಿದರು. ಆಮೇಲೆ ಸುಮಿತ್ರಾಬಾಯಿಯ ಕಿವಿಯ ಹತ್ತಿರ ಬಂದು, ಬೆಂಚಿನವರಿಗೆ ಕೇಳಿಸದ ಹಾಗೆ ಕೇಳಿದರು: "ಮೇಡಂ, ಕಣ್ಣು ಹೋಗಿ ಎಷ್ಟು ದಿನ ಆತ್ರಿ?"